ರಾತ್ರಿ ಮೇನ್ ಸ್ವಿಚ್ ಆರಿಸುವ ಅಂಗಡಿಗಳ ನೆಟ್‌ವರ್ಕನ್ನು ಕ್ಲೌಡ್‌ನಿಂದ ನೋಡಿಕೊಂಡ ಬಗೆ

ಬೆಂಗಳೂರಿನಲ್ಲಿ 11 ಮಳಿಗೆಗಳನ್ನೂ ಪೀಣ್ಯದಲ್ಲಿ ಒಂದು ತಯಾರಿಕಾ ಘಟಕವನ್ನೂ ನಡೆಸುತ್ತಿರುವ ಸಿಹಿತಿಂಡಿ ವ್ಯಾಪಾರವೊಂದರ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಜವಾಬ್ದಾರಿ ಕೆಲವು ವರ್ಷಗಳಿಂದ ನನ್ನದು. ಯಜಮಾನರು ಬಂದವರಿಗೆ "ಇದು ನಮ್ಮ ಐಟಿ ಡಿಪಾರ್ಟ್‌ಮೆಂಟು" ಎಂದು ಪರಿಚಯಿಸುವಾಗ ಅವರ ಕೈ ತೋರಿಸುವುದು ನನ್ನೊಬ್ಬನ ಕಡೆಗೆ ಮಾತ್ರ. ಜಯನಗರದ ಕಚೇರಿಯಲ್ಲಿ ಕುಳಿತ ಒಬ್ಬ ಮನುಷ್ಯ ಚಿಕ್ಕಪೇಟೆಯಿಂದ ಯಲಹಂಕದವರೆಗೆ ಹರಡಿದ ಅಂಗಡಿಗಳ ಬಿಲ್ಲಿಂಗ್, ಕ್ಯಾಮೆರಾ, ವೈಫೈಗಳನ್ನು ನೋಡಿಕೊಳ್ಳಬೇಕಾದರೆ ಕ್ಲೌಡ್ ಮೂಲಕ, ಅಂದರೆ ಇಂಟರ್ನೆಟ್ಟಿನಾಚೆಯ ಸರ್ವರಿನಿಂದ, ನಿರ್ವಹಿಸುವ ಉಪಕರಣಗಳಲ್ಲದೆ ಬೇರೆ ದಾರಿಯಿರಲಿಲ್ಲ. ಆ ದಾರಿ ಹಿಡಿದ ಮೇಲೆ ಅಂಗಡಿಯಿಂದ ಅಂಗಡಿಗೆ ಓಡಾಡುವುದು ಕಡಿಮೆಯಾಯಿತು. ಆದರೆ ಒಂದು ಅಂಗಡಿಯಲ್ಲಿ ಮಾಡುತ್ತಿದ್ದ ತಪ್ಪನ್ನು 11 ಅಂಗಡಿಗಳಲ್ಲಿ ಒಂದೇ ಗಳಿಗೆಗೆ ಮಾಡುವ ಶಕ್ತಿಯೂ ಅದರೊಂದಿಗೇ ನನ್ನ ಕೈಗೆ ಬಂತು.

ಮೊದಲಿದ್ದ ಸ್ಥಿತಿಯನ್ನು ಚುಟುಕಾಗಿ ಹೇಳುತ್ತೇನೆ. ಪ್ರತಿ ಮಳಿಗೆಯಲ್ಲಿ ಆ ಬಡಾವಣೆಯ ಬ್ರಾಡ್‌ಬ್ಯಾಂಡ್‌ನವರು ಕೊಟ್ಟ ಯಾವುದೋ ಒಂದು ರೂಟರ್ ಇತ್ತು; ಎಲ್ಲದರ ವಿಳಾಸವೂ 192.168.1.1, ಬಹುತೇಕ ಎಲ್ಲದರ ಪಾಸ್‌ವರ್ಡೂ ತಯಾರಕರು ಹಾಕಿಕೊಟ್ಟದ್ದೇ. ಏನಾದರೂ ಸರಿಪಡಿಸಬೇಕೆಂದರೆ ಬಿಲ್ಲಿಂಗ್ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗಿ, ಅದರ ಮೂಲಕ ರೂಟರಿನ ಪುಟ ತೆರೆಯಬೇಕಿತ್ತು, ಅದೂ ಗಿರಾಕಿಗಳು ಸಾಲುಗಟ್ಟಿ ನಿಂತಿರದ ಹೊತ್ತು ನೋಡಿಕೊಂಡು. ಹೊರಗಿನಿಂದ ನೇರವಾಗಿ ರೂಟರನ್ನು ತಲುಪಲು ಸಾಧ್ಯವಿರಲಿಲ್ಲ. ಬಡಾವಣೆಯ ಸೇವಾದಾರರು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿರುತ್ತಾರೆ; ನಮ್ಮ ರೂಟರಿಗೆ ಸಿಗುವುದು 100.64ರಿಂದ ಆರಂಭವಾಗುವ ಒಳವಿಳಾಸ, ಅದಕ್ಕೆ ಹೊರಗಿನಿಂದ ಬಾಗಿಲಿಲ್ಲ. ಕ್ಲೌಡ್ ಉಪಕರಣಗಳು ಈ ತೊಡಕನ್ನು ತಿರುವುಮುರುವು ಮಾಡಿ ಬಿಡಿಸುತ್ತವೆ: ನಾವು ಉಪಕರಣವನ್ನು ಹುಡುಕಿಕೊಂಡು ಹೋಗುವುದಿಲ್ಲ, ಉಪಕರಣವೇ ಒಳಗಿನಿಂದ ಹೊರಕ್ಕೆ ಸಂಪರ್ಕ ತೆರೆದು ನಿಯಂತ್ರಕವನ್ನು (ಎಲ್ಲ ಉಪಕರಣಗಳಿಗೂ ಆದೇಶ ಕೊಡುವ ತಂತ್ರಾಂಶವನ್ನು) ತಲುಪಿ, ತನಗೆ ಬೇಕಾದ ಸಂರಚನೆಯನ್ನು, ಅಂದರೆ ಸೆಟ್ಟಿಂಗುಗಳನ್ನು, ಕೇಳಿ ಪಡೆಯುತ್ತದೆ.

ಯಾವ ಕಂಪನಿಯದು ಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಎರಡು ಬಗೆಗಳು ಮುಂದಿದ್ದವು. 2006ರಲ್ಲಿ ಶುರುವಾಗಿ 2012ರಲ್ಲಿ ಸುಮಾರು 120 ಕೋಟಿ ಡಾಲರಿಗೆ ಸಿಸ್ಕೊ ಪಾಲಾದ ಮೆರಾಕಿಯಂಥವುಗಳಲ್ಲಿ ನಿಯಂತ್ರಕ ಕಂಪನಿಯದೇ ಕ್ಲೌಡ್‌ನಲ್ಲಿರುತ್ತದೆ, ಪ್ರತಿ ಉಪಕರಣಕ್ಕೂ ಅವಧಿಯ ಲೈಸೆನ್ಸ್ ಕಟ್ಟುತ್ತಿರಬೇಕು. ಯುನಿಫೈ, ಒಮಾಡದಂಥವುಗಳಲ್ಲಿ ನಿಯಂತ್ರಕ ತಂತ್ರಾಂಶವನ್ನು ನಾವೇ ಬಾಡಿಗೆ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಲೈಸೆನ್ಸ್ ಹಣ ಉಳಿಯುತ್ತದೆ, ಆದರೆ ಆ ಸರ್ವರಿನ ಬ್ಯಾಕಪ್ಪು, ಭದ್ರತೆ ನಮ್ಮ ತಲೆಯ ಮೇಲೆ. ನಾನು ಆರಿಸಿದ್ದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಯಜಮಾನರಿಗೆ ಐದು ವರ್ಷಗಳ ಒಟ್ಟು ಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿದ್ದು ಮುಖ್ಯ, ಏಕೆಂದರೆ ಮೊದಲ ವರ್ಷದ ಬೆಲೆ ನೋಡಿ ತೀರ್ಮಾನಿಸಿದ್ದರೆ ಇಬ್ಬರೂ ಮೋಸಹೋಗುತ್ತಿದ್ದೆವು.

ಉಪಕರಣ ಬರುವ ಮೊದಲೇ ವಿಳಾಸಗಳ ಯೋಜನೆ ಮುಗಿಸಿದೆ. 11 ಕಡೆಯೂ ಒಂದೇ ವಿಳಾಸವಿದ್ದರೆ ಅವನ್ನು ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿ) ಮೂಲಕ ಬೆಸೆಯುವಾಗ ಯಾವ 192.168.1.50 ಯಾರದೆಂದು ಯಾವ ಯಂತ್ರಕ್ಕೂ ತಿಳಿಯುವುದಿಲ್ಲ. ಹಾಗಾಗಿ ವಿಳಾಸದ ಎರಡನೆಯ ಅಂಕಿ ಮಳಿಗೆಯ ಸಂಖ್ಯೆ, ಮೂರನೆಯದು ಬಳಕೆ ಎಂದು ನಿಗದಿ ಮಾಡಿದೆ: 7ನೇ ಮಳಿಗೆಯ ಬಿಲ್ಲಿಂಗ್ 10.7.10, ಅದರ ಕ್ಯಾಮೆರಾಗಳು 10.7.20, ಸಿಬ್ಬಂದಿಯ ವೈಫೈ 10.7.30. ಈ ಮೂರೂ ಬೇರೆ ಬೇರೆ ವಿಲ್ಯಾನ್‌ಗಳು, ಅಂದರೆ ಒಂದೇ ಉಪಕರಣಗಳ ಮೇಲೆ ಪರಸ್ಪರ ಬೇರ್ಪಡಿಸಿದ ನೆಟ್‌ವರ್ಕ್‌ಗಳು. ಕ್ಯಾಮೆರಾದ ವಿಲ್ಯಾನ್‌ನಿಂದ ಬಿಲ್ಲಿಂಗ್ ಕಡೆಗೆ ದಾರಿಯೇ ಇಲ್ಲ. ಇಂದಿಗೂ ಲಾಗ್‌ನಲ್ಲಿ (ಯಂತ್ರಗಳು ತಾವೇ ಬರೆದಿಡುವ ದಾಖಲೆಯಲ್ಲಿ) ಒಂದು ವಿಳಾಸ ಕಂಡರೆ ಅದು ಯಾವ ಅಂಗಡಿಯ ಯಾವ ಬಗೆಯ ಯಂತ್ರವೆಂದು ಕೋಷ್ಟಕ ನೋಡದೆಯೇ ಹೇಳಬಲ್ಲೆ.

ಅಳವಡಿಕೆ ಮಾತ್ರ ನಾನು ಹೆದರಿದ್ದಕ್ಕಿಂತ ಸಲೀಸಾಗಿತ್ತು. ಕಚೇರಿಯಲ್ಲಿ ಕುಳಿತು ಪೆಟ್ಟಿಗೆಗಳ ಕ್ರಮಸಂಖ್ಯೆಗಳನ್ನು ನೋಂದಾಯಿಸಿ, ಯಾವುದು ಯಾವ ಮಳಿಗೆಗೆಂದು ಚೀಟಿ ಅಂಟಿಸಿ, ಪೀಣ್ಯದಿಂದ ಬೆಳಿಗ್ಗೆ ಮೈಸೂರುಪಾಕು ಹೊತ್ತು ಹೊರಡುವ ವ್ಯಾನಿನಲ್ಲೇ ಕಳುಹಿಸಿದೆ. ಯಲಹಂಕದ ಮೇಲ್ವಿಚಾರಕರು ನಾನು ಫೋನಿನಲ್ಲಿ ಹೇಳಿದಂತೆ ಎರಡು ಕೇಬಲ್ ಚುಚ್ಚಿದರು. ಹತ್ತು ನಿಮಿಷದ ಬಳಿಕ "ಸಾರ್, ದೀಪ ಹಸಿರಾಯ್ತು, ಬಿಲ್ಲೂ ಬರ್ತಾ ಇದೆ" ಎಂದರು.

ತೊಂದರೆ ಶುರುವಾದದ್ದು ಅಂದೇ ರಾತ್ರಿ. ಒಂಬತ್ತೂ ಮುಕ್ಕಾಲರಿಂದ ಹತ್ತೂ ಕಾಲರೊಳಗೆ ಒಂದೊಂದೇ ಮಳಿಗೆ "ಆಫ್‌ಲೈನ್" ಎಂಬ ಸಂದೇಶ ನನ್ನ ಫೋನಿಗೆ ಬರತೊಡಗಿತು. ಫೈಬರ್ ಕಡಿದಿದೆಯೆಂದು ಗಾಬರಿಯಿಂದ ಒಬ್ಬೊಬ್ಬರಿಗೂ ಕರೆ ಮಾಡಿದ ಮೇಲೆ ತಿಳಿದದ್ದಿಷ್ಟು: ಶಟರ್ ಎಳೆಯುವ ಮುನ್ನ ಮೇನ್ ಸ್ವಿಚ್ ಆರಿಸುವುದು ನಮ್ಮ ಅಂಗಡಿಗಳ ಹಳೆಯ ಪದ್ಧತಿ. ತಂಪುಪೆಟ್ಟಿಗೆಗಳಿಗೂ ಕ್ಯಾಮೆರಾಗಳಿಗೂ ಪ್ರತ್ಯೇಕ ಲೈನ್ ಇದೆ, ಉಳಿದದ್ದೆಲ್ಲ ಬಂದ್. ಎಣ್ಣೆ, ತುಪ್ಪ, ರಟ್ಟಿನ ಡಬ್ಬಿಗಳು ತುಂಬಿರುವ ಜಾಗದಲ್ಲಿ ಶಾರ್ಟ್ ಸರ್ಕ್ಯೂಟಿನ ಭಯ ಸುಳ್ಳಲ್ಲ. ನೆಟ್‌ವರ್ಕಿಗಾಗಿ ಆ ಪದ್ಧತಿ ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಸಂದೇಶ ಬರದಂತೆ ಡ್ಯಾಶ್‌ಬೋರ್ಡಿನಲ್ಲಿ (ನಿಯಂತ್ರಕದ ಪುಟದಲ್ಲಿ) ವೇಳಾಪಟ್ಟಿ ಹಾಕಿ, ಕೆಲಸ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಮೂರು ತಿಂಗಳ ನಂತರ ನೋಡಿದರೆ ಒಂದು ಉಪಕರಣದ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಕೂಡ ನವೀಕರಣವಾಗಿರಲಿಲ್ಲ. ಎಲ್ಲ ಮಾರ್ಗದರ್ಶಿಗಳೂ ಹೇಳುವಂತೆ ನಾನು ನವೀಕರಣದ ಹೊತ್ತನ್ನು ರಾತ್ರಿ ಎರಡು ಗಂಟೆಗೆ ಇಟ್ಟಿದ್ದೆ, ಆ ಹೊತ್ತಿನಲ್ಲಿ ನಮ್ಮ ಯಂತ್ರಗಳಿಗೆ ವಿದ್ಯುತ್ತೇ ಇರುವುದಿಲ್ಲ. ವೈಫೈ ಚಾನೆಲ್ಲುಗಳ ಮರುಹಂಚಿಕೆಯೂ ಹಾಗೆಯೇ: ರಾತ್ರಿ ನಡೆಯಬೇಕಾದದ್ದು ತಪ್ಪಿಹೋಗಿ, ಬೆಳಿಗ್ಗೆ ಯಂತ್ರ ಎದ್ದ ಮೇಲೆ ವ್ಯಾಪಾರದ ನಡುವೆ ನಡೆದು, ಆರ್ಡರ್ ಬರೆಯುವ ಟ್ಯಾಬ್‌ಗಳು ಬಿದ್ದು ಏಳುತ್ತಿದ್ದವು. ಇದು ಅಮೆರಿಕದ ಕಚೇರಿಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ವ್ಯವಸ್ಥೆ, ಶಟರ್ ಎಳೆಯುವ ಅಂಗಡಿಯನ್ನು ಅವರು ಊಹಿಸಿರಲಿಲ್ಲ. ಈಗ ನವೀಕರಣವನ್ನು ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಮಾಡುತ್ತೇನೆ, ಊಟದ ನಂತರ ಸಂಜೆಯ ಗಿರಾಕಿ ಬರುವ ಮೊದಲು ಸಿಗುವ ಅರ್ಧ ಗಂಟೆಯ ಬಿಡುವಿನಲ್ಲಿ. ಅದರ ಹಿಂದಿನ ದಿನ ಮೇಲ್ವಿಚಾರಕರಿಗೆ ಹೇಳಿರುತ್ತೇನೆ. ಚಾನೆಲ್ಲುಗಳನ್ನು ಸ್ವಯಂಚಾಲಿತವಾಗಿ ಬಿಡುವುದನ್ನೇ ಕೈಬಿಟ್ಟೆ. ಚಿಕ್ಕಪೇಟೆಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಅಳೆದರೆ ಅಕ್ಕಪಕ್ಕದ ಬಟ್ಟೆ ಅಂಗಡಿಗಳ ಹತ್ತಾರು ವೈಫೈಗಳು ಕಾಣುತ್ತವೆ, 2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನೊಂದು ತುಳಿಯದೆ ಇರುವುದು 1, 6, 11 ಎಂಬ ಮೂರೇ ಚಾನೆಲ್ಲುಗಳಾದ್ದರಿಂದ ಅಲ್ಲಿ ಎಷ್ಟು ಹೊಂದಿಸಿದರೂ ಅಷ್ಟೇ. ಟ್ಯಾಬ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸರಿಸಿ, ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ ನಿಲ್ಲಿಸಿದೆ. ಯಲಹಂಕದಲ್ಲಿ ಅದೂ ಸಾಲಲಿಲ್ಲ: 52ರಿಂದ ಮೇಲಿನ ಕೆಲವು ಚಾನೆಲ್ಲುಗಳಲ್ಲಿ ರೇಡಾರ್ ಸುಳಿವು ಕಂಡ ಕೂಡಲೇ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಆ ಚಾನೆಲ್ ಬಿಟ್ಟು ಓಡಬೇಕೆಂಬ ನಿಯಮವಿದೆ, ಲಾಗ್‌ನಲ್ಲಿ ಅದೇ ಕಾರಣ ಮತ್ತೆ ಮತ್ತೆ ದಾಖಲಾಗಿತ್ತು. ವಾಯುನೆಲೆಯ ಊರಲ್ಲವೇ! ಅಲ್ಲಿ 36ರಿಂದ 48ರವರೆಗಿನ ಚಾನೆಲ್ಲುಗಳನ್ನಷ್ಟೇ ಉಳಿಸಿದೆ.

ಬೆಂಗಳೂರಿನಲ್ಲಿ ನೆಟ್‌ವರ್ಕ್ ನಡೆಸುವವರಿಗೆ ರಸ್ತೆ ಅಗೆತದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಕಂಬದಿಂದ ಮರಕ್ಕೆ, ಮರದಿಂದ ಕಂಬಕ್ಕೆ ಜೋತುಬಿದ್ದ ಫೈಬರ್ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆಯೊಂದಿಗೆ ಕೆಳಗೆ ಬರುತ್ತದೆ. ನೆಲದೊಳಗಿನದು ಜೆಸಿಬಿಗೆ ಸಿಗುತ್ತದೆ. ಹಾಗಾಗಿ ಪ್ರತಿ ಗೇಟ್‌ವೇಗೂ (ಅಂಗಡಿಯನ್ನು ಇಂಟರ್ನೆಟ್ಟಿಗೆ ಸೇರಿಸುವ ಪೆಟ್ಟಿಗೆ) ಎರಡನೆಯ ದಾರಿಯಾಗಿ 4ಜಿ ಸಿಮ್ ಹಾಕಿದೆ. ಇಲ್ಲಿ ನಾನು ಕಲಿತದ್ದು ಮೂರು ಸಂಗತಿ. ಫೈಬರ್ ಎಲ್ಲೋ ದೂರದಲ್ಲಿ ಕಡಿದಿದ್ದರೂ ಸೇವಾದಾರರ ಪೆಟ್ಟಿಗೆಗೆ ವಿದ್ಯುತ್ತಿದ್ದರೆ ಗೇಟ್‌ವೇಗೆ ಕೇಬಲ್ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಹೊರಗಿನ ಎರಡು ವಿಳಾಸಗಳನ್ನು ಪದೇ ಪದೇ ತಟ್ಟಿ ನೋಡಿ, ಎರಡೂ ಉತ್ತರಿಸದಿದ್ದಾಗ ಮಾತ್ರ ಸಿಮ್‌ಗೆ ಹೋಗುವಂತೆ ಹೇಳಬೇಕು. ಫೈಬರ್ ಮರಳಿದ ತಕ್ಷಣ ಹಿಂತಿರುಗಬಾರದು, ಐದು ನಿಮಿಷ ಸ್ಥಿರವಾಗಿ ನಿಂತ ಮೇಲೆಯೇ ತಿರುಗಬೇಕು, ಇಲ್ಲವಾದರೆ ಅತ್ತಿತ್ತ ಹೊಯ್ದಾಡಿ ಬಿಲ್ಲು ಅರ್ಧಕ್ಕೇ ನಿಲ್ಲುತ್ತದೆ. ಮೂರನೆಯದು ಸ್ವಲ್ಪ ನಾಜೂಕಿನ ವಿಷಯ. ಯಜಮಾನರಿಗೆ ಮನೆಯಿಂದ ನಾಲ್ಕು ನಾಲ್ಕು ಕ್ಯಾಮೆರಾಗಳನ್ನು ಒಟ್ಟಿಗೆ ನೋಡುವ ಅಭ್ಯಾಸ. ಒಂದೊಂದಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಹಿಡಿದರೂ ಗಂಟೆಗೆ 1.8 ಜಿಬಿ ಹರಿಯುತ್ತದೆ, ಸಿಮ್‌ನ ದಿನದ ಪಾಲು 2 ಜಿಬಿ. ಫೈಬರ್ ಇಲ್ಲದ ಒಂದು ಸಂಜೆ ಅವರು ನೋಡುತ್ತ ಕುಳಿತು, ಏಳು ಗಂಟೆಗೆ ಬಿಲ್ಲಿಂಗ್ ತೆವಳತೊಡಗಿತು. ಸಿಮ್‌ನಲ್ಲಿರುವಾಗ ಕ್ಯಾಮೆರಾ ವಿಲ್ಯಾನ್ ಹೊರಗೆ ಹೋಗದಂತೆ ಮರುದಿನವೇ ನಿಯಮ ಹಾಕಿ, ಅದನ್ನು ಅವರಿಗೆ ವಿವರಿಸಿದೆ. "ವ್ಯಾಪಾರ ಮೊದಲು ನಡೀಲಿ ಬಿಡಪ್ಪ" ಎಂದರು, ಆದರೆ ಮುಖ ಸ್ವಲ್ಪ ಬಾಡಿತ್ತು.

ಇನ್ನು ನನ್ನದೇ ತಪ್ಪಿನ ಕಥೆ. ಎಲ್ಲ ಮಳಿಗೆಗಳ ನೆಟ್‌ವರ್ಕ್ ಸ್ವಿಚ್‌ಗಳೂ (ಒಳಗಿನ ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಪೆಟ್ಟಿಗೆಗಳು) ಒಂದೇ ಟೆಂಪ್ಲೇಟಿಗೆ, ಅಂದರೆ ಸೆಟ್ಟಿಂಗುಗಳ ಒಂದೇ ಅಚ್ಚಿಗೆ, ಕಟ್ಟುಬಿದ್ದಿದ್ದವು. ಒಂದು ಕಡೆ ಬದಲಿಸಿದರೆ ಎಲ್ಲೆಡೆ ಬದಲಾಗುವುದೇ ಅದರ ಸುಖ. ಒಂದು ಶನಿವಾರ ಸಂಜೆ ಐದೂವರೆಗೆ, ತಯಾರಿಕಾ ಘಟಕಕ್ಕೆಂದು, ಗೇಟ್‌ವೇ ಕಡೆಗೆ ಹೋಗುವ 1ನೇ ಪೋರ್ಟಿನ ಮೂಲ ವಿಲ್ಯಾನ್ ಬದಲಿಸಿ ಉಳಿಸಿದೆ. ಅದು ಘಟಕದ ಪುಟವೆಂದುಕೊಂಡಿದ್ದೆ, ಟೆಂಪ್ಲೇಟಿನ ಪುಟವಾಗಿತ್ತು. ಒಂದು ನಿಮಿಷದೊಳಗೆ 11 ಮಳಿಗೆಗಳ ಸ್ವಿಚ್‌ಗಳೂ ಡ್ಯಾಶ್‌ಬೋರ್ಡಿನಲ್ಲಿ ಕೆಂಪಾದವು. ಬದಲಾವಣೆಯನ್ನು ಕೂಡಲೇ ಹಿಂದಕ್ಕೆ ಪಡೆದೆ, ಆದರೆ ಪಡೆದದ್ದನ್ನು ತಲುಪಿಸುವ ದಾರಿಯನ್ನೇ ನಾನು ಕಡಿದುಹಾಕಿದ್ದೆ. ಕ್ಲೌಡ್ ತಲುಪದಿದ್ದರೆ ಹಿಂದಿನ ಸಂರಚನೆಗೆ ತಾವೇ ಮರಳುವ ಗುಣ ಎಂಟು ಸ್ವಿಚ್‌ಗಳಲ್ಲಿತ್ತು, ಕೆಲವು ನಿಮಿಷಗಳಲ್ಲಿ ಅವು ಎದ್ದವು. ಉಳಿದ ಮೂರು ಹಳೆಯ ಮಾದರಿಯವು, ಏಳಲಿಲ್ಲ. ಮಲ್ಲೇಶ್ವರ ಮತ್ತು ವಿಜಯನಗರದವರಿಗೆ ವಿಡಿಯೊ ಕರೆ ಮಾಡಿ, ಬಿಲ್ಲಿಂಗ್ ಕಂಪ್ಯೂಟರಿನ ಕೇಬಲನ್ನು ಸ್ವಿಚ್ಚಿನಿಂದ ಕಿತ್ತು ನೇರವಾಗಿ ಗೇಟ್‌ವೇಗೆ ಚುಚ್ಚಿಸಿದೆ. ಬಸವೇಶ್ವರನಗರದವರು ಗಿರಾಕಿಗಳ ನೂಕುನುಗ್ಗಲಿನಲ್ಲಿ ಫೋನೇ ಎತ್ತಲಿಲ್ಲ. ಜಯನಗರದಿಂದ ಶನಿವಾರದ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸಿಕೊಂಡು ಹೋಗಿ ನೋಡಿದರೆ ಕೌಂಟರಿನವರು ಕೈಯಲ್ಲೇ ಬಿಲ್ಲು ಬರೆಯುತ್ತಿದ್ದರು, ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು.

ಅಂದಿನಿಂದ ಟೆಂಪ್ಲೇಟನ್ನು ಮೂರಾಗಿ ಒಡೆದಿದ್ದೇನೆ. ಯಾವ ಬದಲಾವಣೆಯೂ ಮೊದಲು ನಮ್ಮ ಕಚೇರಿಯ ಕೆಳಗಿನ ಜಯನಗರದ ಮಳಿಗೆಗೆ, ಅಲ್ಲಿ ಒಂದು ಶನಿವಾರ, ಒಂದು ಭಾನುವಾರ ಕಳೆದ ಮೇಲೆ ಇನ್ನು ಮೂರಕ್ಕೆ, ಆಮೇಲೆ ಉಳಿದವುಗಳಿಗೆ ಹೋಗುತ್ತದೆ. ಗೌರಿ ಗಣೇಶ ಹಬ್ಬಕ್ಕೂ ದೀಪಾವಳಿಗೂ ಹತ್ತು ದಿನ ಮುಂಚಿನಿಂದ ಡ್ಯಾಶ್‌ಬೋರ್ಡನ್ನು ನೋಡುವುದಷ್ಟೇ, ಮುಟ್ಟುವುದಿಲ್ಲ. ಮೂರು ಹಳೆಯ ಸ್ವಿಚ್‌ಗಳನ್ನು ಬದಲಿಸಿಯಾಯಿತು.

ಇದಕ್ಕೆ ವಿರುದ್ಧವಾದ ಅನುಭವವೂ ಒಮ್ಮೆ ಆಯಿತು. ನಿಯಂತ್ರಕವೇ ಕೆಲವು ಗಂಟೆ ಕೈಗೆ ಸಿಗದೆ ಹೋದ ದಿನ ಡ್ಯಾಶ್‌ಬೋರ್ಡ್ ತೆರೆಯಲಿಲ್ಲ, ಆದರೆ ಅಂಗಡಿಗಳಲ್ಲಿ ಯಾರಿಗೂ ಅದು ಗೊತ್ತಾಗಲೇ ಇಲ್ಲ. ಬಿಲ್ಲಿನ ದತ್ತಾಂಶ ಕ್ಲೌಡ್ ನಿಯಂತ್ರಕದ ಮೂಲಕ ಹಾದುಹೋಗುವುದಿಲ್ಲ. ಉಪಕರಣಗಳು ಕೊನೆಯದಾಗಿ ಪಡೆದ ಸಂರಚನೆಯಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ನಿಂತದ್ದು ಗಿರಾಕಿಗಳ ವೈಫೈಗೆ ಒಟಿಪಿ ಕೇಳುವ ಪುಟ ಮಾತ್ರ, ಅದು ಇದ್ದದ್ದೇ ಕ್ಲೌಡ್‌ನಲ್ಲಿ.

ಭದ್ರತೆಯ ವಿಚಾರದಲ್ಲಿ ನಾನು ತಡಮಾಡಿದ್ದನ್ನು ಒಪ್ಪಿಕೊಳ್ಳಬೇಕು. ಮೊದಲ ವರ್ಷ ಡ್ಯಾಶ್‌ಬೋರ್ಡಿನ ಮೂಲ ಖಾತೆ ನನ್ನ ಸ್ವಂತ ಇಮೇಲಿನಲ್ಲಿತ್ತು. ನಾಳೆ ನಾನು ಕೆಲಸ ಬಿಟ್ಟರೆ ಇಡೀ ನೆಟ್‌ವರ್ಕಿನ ಕೀಲಿಕೈ ನನ್ನ ಜೇಬಿನಲ್ಲಿ ಹೋಗುತ್ತಿತ್ತು. ಈಗ ಅದು ಸಂಸ್ಥೆಯ ಇಮೇಲಿಗೆ ಸೇರಿದೆ, ಎರಡು ಹಂತದ ದೃಢೀಕರಣ ಇದೆ, ತುರ್ತಿನ ಕೋಡುಗಳು ಯಜಮಾನರ ಬೀರುವಿನಲ್ಲಿವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವನ್ನು ಓದಿದ್ದೂ ತಡವಾಗಿಯೇ: ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು ಎಂದು ಅದರಲ್ಲಿದೆ. ನಮ್ಮ ಡ್ಯಾಶ್‌ಬೋರ್ಡ್ ಅಷ್ಟು ದಿನದ ಲಾಗ್ ಇಡುತ್ತಿರಲಿಲ್ಲವಾದ್ದರಿಂದ ಬೇರೊಂದು ಸರ್ವರಿಗೆ ಕಳುಹಿಸುವ ವ್ಯವಸ್ಥೆ ಮಾಡಿದೆ. ಗಡಿಯಾರ ಸರಿಪಡಿಸಿದ್ದರಿಂದ ಎಣಿಸದ ಲಾಭವೊಂದಾಯಿತು: ಕ್ಯಾಮೆರಾಗಳ ಸಮಯ ಬಿಲ್ಲಿನ ಸಮಯಕ್ಕಿಂತ ಏಳೆಂಟು ನಿಮಿಷ ಹಿಂದಿತ್ತು, ಗಲ್ಲಾಪೆಟ್ಟಿಗೆಯಲ್ಲಿ ಹಣ ತಾಳೆಯಾಗದ ದಿನ ಯಾವ ಬಿಲ್ಲು ಯಾವ ದೃಶ್ಯದ್ದೆಂದು ಹೊಂದಿಸಲು ಒದ್ದಾಡುತ್ತಿದ್ದರು. ಆ ಒದ್ದಾಟ ತಪ್ಪಿತು.

ಕ್ಲೌಡ್‌ನಿಂದ ಸರಿಪಡಿಸಲಾಗದ ತೊಂದರೆಯೊಂದು ವರ್ಷಕ್ಕೊಮ್ಮೆ ದಿನಾಂಕ ಹಿಡಿದು ಬರುತ್ತದೆ, ಅದು ಆಯುಧಪೂಜೆ. ಮೊದಲ ವರ್ಷ ರಾಜಾಜಿನಗರದ ಹುಡುಗರು ಭಕ್ತಿಯಿಂದ ಎಲ್ಲ ಕೇಬಲ್ ಬಿಚ್ಚಿ, ಗೇಟ್‌ವೇಯನ್ನು ಒರೆಸಿ, ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಚುಚ್ಚುವಾಗ ಹೊರಗಿನ ಕೇಬಲನ್ನು ಒಳಗಿನ ಪೋರ್ಟಿಗೆ ಹಾಕಿದ್ದರು. ಸೇವಾದಾರರ ಪೆಟ್ಟಿಗೆ ತಾನೇ ವಿಳಾಸ ಹಂಚತೊಡಗಿ, ಬಿಲ್ಲಿಂಗ್ ಕಂಪ್ಯೂಟರಿಗೆ ಹಳೆಯ 192.168.1 ಸಿಕ್ಕಿ, ಗೇಟ್‌ವೇ ನನ್ನ ಪರದೆಯಲ್ಲಿ ಕೆಂಪಾಗಿ ಕುಳಿತಿತ್ತು. ಅಲ್ಲಿಂದಾಚೆಗೆ ಹೊರಗಿನ ಕೇಬಲ್ಲಿಗೂ ಅದರ ಪೋರ್ಟಿಗೂ ಎಲ್ಲ ಮಳಿಗೆಗಳಲ್ಲಿ ಕೆಂಪು ಟೇಪು ಸುತ್ತಿಸಿದ್ದೇನೆ. ಕಳೆದ ವರ್ಷ ಪೂಜೆಯ ಬೆಳಿಗ್ಗೆ ರಾಜಾಜಿನಗರದಿಂದ ವಾಟ್ಸಾಪಿನಲ್ಲಿ ಕೇಬಲ್‌ಗಳ ಫೋಟೊ ಬಂತು, ಕೆಳಗೆ ಒಂದು ಸಾಲು: "ಸಾರ್, ಈಗ ಬಿಚ್ಚುತ್ತಾ ಇದೀವಿ, ಕೆಂಪು ಟೇಪಿಗೆ ಕುಂಕುಮ ಹಚ್ಚಬಹುದಾ?"