ಟೆರೇಸಿನ ಎಲ್ಬೋ ನಾನೇ ಬದಲಾಯಿಸಿದೆ

ಬಾತ್‌ರೂಮಿನ ಸೂರಿನಲ್ಲಿ ತೇವದ ಕಲೆ ಕಂಡಾಗ ಮಳೆಯ ಮೇಲೆ ಅನುಮಾನ ಬಂತು. ಆದರೆ ಮಳೆ ನಿಂತು ಹದಿನೈದು ದಿನ ಆಗಿತ್ತು. ಟೆರೇಸಿಗೆ ಹೋಗಿ ನೋಡಿದರೆ, ಟ್ಯಾಂಕಿನಿಂದ ಬರುವ ಪೈಪಿನ ಕೆಳಗೆ ಪಾಚಿ.

ಪಾಚಿ ಇದ್ದಲ್ಲೇ ಸೋರಿಕೆ ಅಂದುಕೊಂಡೆ. ಅಲ್ಲ. ನೀರು ಪೈಪಿನ ಅಡಿಗುಂಟ ಹರಿದು ಬಂದು ಕ್ಲ್ಯಾಂಪಿನ ಹತ್ತಿರ ತೊಟ್ಟಿಕ್ಕುತ್ತಿತ್ತು. ಪೈಪನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಿ, ಪ್ರತಿ ಜಾಯಿಂಟಿಗೂ ಹಳೇ ಪೇಪರಿನ ಪಟ್ಟಿ ಸುತ್ತಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಮೂರಡಿ ಆಚೆಯ ಎಲ್ಬೋ (ಪೈಪು ತಿರುಗುವ ಮೂಲೆಯ ಜೋಡಣೆ) ಮೇಲಿನ ಪೇಪರ್ ಮಾತ್ರ ಒದ್ದೆ.

ಮೊದಲು ಸುಲಭದ ದಾರಿ ಹಿಡಿದೆ. ಕಲಸಿ ಹಚ್ಚುವ ಪುಟ್ಟಿ ಮೆತ್ತಿ, ಮೇಲೆ ಸೈಕಲ್ ಟ್ಯೂಬ್ ಬಿಗಿದೆ. ಒಂದು ವಾರ ತಡೆಯಿತು, ಅಷ್ಟೇ.

ಇನ್ನು ಕತ್ತರಿಸುವುದೇ ಸರಿ ಅಂತ ಅಂಗಡಿಗೆ ಹೋಗಿ ಮುಕ್ಕಾಲು ಇಂಚಿನ ಎಲ್ಬೋ ಕೇಳಿದೆ. "ಬಿಳೀದಾ, ಕ್ರೀಮ್ ಕಲರ್‌ದಾ ಸಾರ್?" ಅಂದರು. ಎರಡಕ್ಕೂ ಮುಕ್ಕಾಲು ಇಂಚು ಅಂತಲೇ ಹೆಸರು. ಆದರೆ ಕ್ರೀಮ್ ಬಣ್ಣದ ಸಿಪಿವಿಸಿ (ಬಿಸಿನೀರಿಗೂ ಆಗುವ ಪ್ಲಾಸ್ಟಿಕ್) ಪೈಪಿನ ಹೊರ ಅಗಲ ಸುಮಾರು 22 ಮಿಲಿಮೀಟರ್, ಬಿಳೀ ಪೈಪಿನದು 26ಕ್ಕಿಂತ ಜಾಸ್ತಿ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ. ಅಂಟಿಸುವ ಸಲ್ಯೂಷನ್ನೂ ಬೇರೆ. ನಮ್ಮದು ಸಿಪಿವಿಸಿ. ಒಂದು ಎಲ್ಬೋ, ಪೈಪಿಗೆ ಪೈಪು ನೇರವಾಗಿ ಸೇರಿಸುವ ಎರಡು ಕಪ್ಲರ್, ಒಂದಡಿ ಪೈಪು, ಚಿಕ್ಕ ಡಬ್ಬಿ ಸಲ್ಯೂಷನ್ ತಂದೆ.

ನಿಜವಾದ ಪೇಚಾಟ ಆಮೇಲೆ. ಟ್ಯಾಂಕಿನ ಗೇಟ್ ವಾಲ್ವ್ ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚಲಿಲ್ಲ. ಸಣ್ಣಗೆ ನೀರು ಬರುತ್ತಲೇ ಇತ್ತು. ಒದ್ದೆ ಪೈಪಿಗೆ ಸಲ್ಯೂಷನ್ ಹಿಡಿಯಲ್ಲ. ಹಾಗಾಗಿ ಟ್ಯಾಂಕೇ ಖಾಲಿ ಮಾಡಬೇಕಾಯಿತು. ನೀರು ಸುಮ್ನೆ ಚೆಲ್ಲೋದು ಬೇಡ ಅಂತ ಅಮ್ಮ ಪರದೆ, ಬೆಡ್‌ಶೀಟ್ ಎಲ್ಲ ಅಂದೇ ಒಗೆಯಲು ಹಾಕಿದಳು. ಮೋಟರ್ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೈಪಿನಿಂದ ಬರುವುದು ನಿಂತಿತು.

ಎಲ್ಬೋದ ಎರಡೂ ಕಡೆ ಹ್ಯಾಕ್ಸಾದಿಂದ ಕೊಯ್ದು, ತುದಿಯ ಸಿಬಿರನ್ನು ಉಪ್ಪುಕಾಗದದಲ್ಲಿ ಉಜ್ಜಿ, ಒಳಗೂ ಹೊರಗೂ ಒರೆಸಿದೆ. ಹೊಸ ಎಲ್ಬೋಗೆ ಎರಡು ಪೈಪ್ ತುಂಡು ಕೆಳಗೇ ಕೂತು ಅಂಟಿಸಿಕೊಂಡೆ. ಆದರೆ ಅದನ್ನು ಜಾಗಕ್ಕೆ ಕೂರಿಸಲು ಹೋದರೆ ಪೈಪು ಅಲ್ಲಾಡುವುದೇ ಇಲ್ಲ! ಕಪ್ಲರಿನ ಒಳಗೆ ಹೋಗಲು ಪೈಪು ಒಂದಿಂಚಾದರೂ ಹಿಂದೆ ಸರಿಯಬೇಕಲ್ವಾ? ಮೂರು ಕ್ಲ್ಯಾಂಪ್ ಬಿಚ್ಚಿದ ಮೇಲೆ ಬಗ್ಗಿತು. ಸಲ್ಯೂಷನ್ ಹಚ್ಚದೆ ಒಮ್ಮೆ ಜೋಡಿಸಿ ನೋಡಿ, ಪೆನ್ಸಿಲ್ ಗುರುತು ಹಾಕಿದೆ. ಅದು ಒಳ್ಳೇದಾಯಿತು. ಯಾಕೆಂದರೆ ಸಲ್ಯೂಷನ್ ಹಚ್ಚಿದ ಮೇಲೆ ಯೋಚನೆಗೆ ಸಮಯವಿಲ್ಲ. ಒತ್ತಿ, ಕಾಲು ಸುತ್ತು ತಿರುಗಿಸಿ, ಮೂವತ್ತು ಎಣಿಸುವವರೆಗೆ ಬಿಡದೆ ಹಿಡಿಯಬೇಕು. ಬೇಗ ಬಿಟ್ಟರೆ ಪೈಪು ತಾನಾಗಿ ಹೊರಗೆ ಜಾರುತ್ತದೆ.

ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಮೋಟರ್ ಹಾಕಿದೆ. ನಲ್ಲಿ ಸ್ವಲ್ಪ ಹೊತ್ತು ಗಾಳಿಗೆ ಕೆಮ್ಮಿ, ಆಮೇಲೆ ಸರಿಯಾಯಿತು. ಮತ್ತೆ ಪೇಪರ್ ಪಟ್ಟಿ ಸುತ್ತಿ ಎರಡು ದಿನ ಬಿಟ್ಟೆ. ಒಣಗಿಯೇ ಇತ್ತು. ಎಲ್ಬೋ ಮಾತ್ರ ಸ್ವಲ್ಪ ಸೊಟ್ಟಗೆ ಕೂತಿದೆ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅಮ್ಮ ಅದನ್ನು ನೋಡಿ ನಗುತ್ತಾಳೆ.