ಒಂಬತ್ತನೆಯ ಪ್ರಶ್ನೆ

ಸಾಮಾನ್ಯ ವೈದ್ಯನಾಗಿ ಕೆಲಸ ಆರಂಭಿಸಿದ ಮೊದಲ ವರ್ಷಗಳಲ್ಲಿ, ಖಿನ್ನತೆಯಿಂದ ಬಳಲುವವರು ನನ್ನ ಬಳಿಗೆ ಬರುವುದೇ ಇಲ್ಲವೆಂದು ನಾನು ನಂಬಿದ್ದೆ. ಆದರೆ ಅವರು ತಲೆನೋವು, ಬೆನ್ನುನೋವು, ಸುಸ್ತು, ನಿದ್ದೆ ಬಾರದಿರುವುದು ಎಂದು ಹೇಳಿಕೊಂಡು ಬರುತ್ತಲೇ ಇದ್ದರು. ರಕ್ತಪರೀಕ್ಷೆ ಮಾಡಿಸಿ, ವರದಿ ನೋಡಿ, 'ನಿಮಗೇನೂ ಆಗಿಲ್ಲ' ಎಂದು ನಾನು ಕಳುಹಿಸಿಬಿಡುತ್ತಿದ್ದೆ. ಆ ಮಾತು ಕೇಳಿ ಕೆಲವರ ಮುಖ ಇನ್ನಷ್ಟು ಬಾಡುತ್ತಿದ್ದುದನ್ನು ಕಂಡರೂ ಕಾರಣ ಹುಡುಕಲಿಲ್ಲ.

ವಯಸ್ಕರಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಖಿನ್ನತೆ ಇದೆಯೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಓದಿದ ದಿನ ಲೆಕ್ಕ ಹಾಕಿದೆ: ದಿನಕ್ಕೆ ನಲವತ್ತು ಜನರನ್ನು ನೋಡುವ ನನ್ನ ಕೋಣೆಗೆ ಅಂಥವರು ದಿನವೂ ಇಬ್ಬರಾದರೂ ಬಂದುಹೋಗಿರಬೇಕು.

ಅಲ್ಲಿಂದ ಖಿನ್ನತೆಯನ್ನು ಗುರುತಿಸಲು ನೆರವಾಗುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಬಳಸತೊಡಗಿದೆ. ಕಳೆದ ಎರಡು ವಾರಗಳ ಬಗ್ಗೆ ಕೇಳುವ ಒಂಬತ್ತು ಪ್ರಶ್ನೆಗಳು, ಒಟ್ಟು 27 ಅಂಕ; 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾಗಿ ವಿಚಾರಿಸಬೇಕು. ಮೊದಮೊದಲು ಹಾಳೆಯನ್ನು ಕೈಗೆ ಕೊಟ್ಟು ತುಂಬಿಸಲು ಹೇಳಿದಾಗ, ಪಕ್ಕದಲ್ಲಿ ಮನೆಯವರು ಕುಳಿತಿರುತ್ತಿದ್ದರಿಂದ ಬಹುತೇಕರು ಎಲ್ಲಕ್ಕೂ 'ಇಲ್ಲ' ಎಂದೇ ಗುರುತು ಹಾಕಿದರು. ಬಳಿಕ ಮನೆಯವರನ್ನು ಹೊರಗೆ ಕೂರಲು ವಿನಂತಿಸಿ, ಪೆನ್ನು ಕೆಳಗಿಟ್ಟು, ನಾನೇ ಬಾಯಿಮಾತಿನಲ್ಲಿ ಕೇಳತೊಡಗಿದೆ.

ಸಾವಿನ ಯೋಚನೆಯ ಕುರಿತಾದ ಒಂಬತ್ತನೆಯ ಪ್ರಶ್ನೆಯನ್ನು ಕೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ತಪ್ಪೆಂದು ಓದಿ ತಿಳಿದಿದ್ದರೂ ಅಳುಕು ಹೋಗಿರಲಿಲ್ಲ. ಎದೆ ಬಿಗಿತವೆಂದು ಮೂರನೆಯ ಸಲ ಬಂದಿದ್ದ ಹಿರಿಯರೊಬ್ಬರ ಇಸಿಜಿ ಆ ಸಲವೂ ಸರಿಯಾಗಿಯೇ ಇತ್ತು. ಕೇಳಿದೆ. ಅವರು ಇಸಿಜಿ ಕಾಗದವನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. "ರಾತ್ರಿ ಮಲಗಿದವನು ಬೆಳಗ್ಗೆ ಏಳದಿದ್ದರೆ ಸಾಕು ಅನ್ನಿಸುತ್ತದೆ ಡಾಕ್ಟರೇ. ಇದನ್ನು ಯಾರೂ ಕೇಳಿರಲಿಲ್ಲ," ಎಂದರು.

ಹೇಗೆ ಸಾಯಬೇಕೆಂದು ಯೋಚಿಸಿದ್ದಾರೆಯೇ ಎಂಬುದನ್ನೂ ನೇರವಾಗಿಯೇ ಕೇಳಿದೆ. ಮನೆಯಲ್ಲಿ ಮಾತ್ರೆಗಳನ್ನು ಕೂಡಿಟ್ಟಿದ್ದರು. ಅವರ ಒಪ್ಪಿಗೆ ಪಡೆದು ಮಗನನ್ನು ಒಳಗೆ ಕರೆದು, ಆ ಮಾತ್ರೆಗಳನ್ನು ಅಂದೇ ತೆಗೆಸಿ, ರಾತ್ರಿ ಅವರನ್ನು ಒಂಟಿಯಾಗಿ ಬಿಡಬಾರದೆಂದು ಹೇಳಿ, ಅದೇ ದಿನ ಮನೋವೈದ್ಯರ ಬಳಿಗೆ ಕಳುಹಿಸಿದೆ. ಚೀಟಿ ಬರೆದು ಕೈಬಿಡದೆ, ನಾನೇ ಆ ವೈದ್ಯರಿಗೆ ಫೋನ್ ಮಾಡಿ ಸಮಯ ನಿಗದಿಪಡಿಸಿದೆ.

ಇಷ್ಟು ತೀವ್ರವಲ್ಲದವರನ್ನು ನಾನೇ ನೋಡಿಕೊಳ್ಳುತ್ತೇನೆ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇಲ್ಲವೆಂದು ಖಚಿತಪಡಿಸಿಕೊಂಡು, ಅಗತ್ಯವಿದ್ದರೆ ಔಷಧ, ಜೊತೆಗೆ ಆಪ್ತಸಮಾಲೋಚನೆ. ಔಷಧದ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅದಕ್ಕೂ ಮೊದಲೇ ಹೊಟ್ಟೆ ತೊಳೆಸುವಂಥ ತೊಂದರೆಗಳು ಕಾಣಿಸಬಹುದು. ಇದನ್ನು ಮುಂಚೆಯೇ ಹೇಳದೆ ಹಲವರನ್ನು ಕಳೆದುಕೊಂಡಿದ್ದೇನೆ. ಹತ್ತು ದಿನ ನುಂಗಿ, ಪ್ರಯೋಜನವಿಲ್ಲವೆಂದು ಬಿಟ್ಟರು. ಈಗ ಎರಡನೆಯ ವಾರ ತಪ್ಪದೆ ಫೋನ್ ಮಾಡಿಸುತ್ತೇನೆ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕೆಂದು ಮೊದಲ ದಿನವೇ ಬರೆದುಕೊಡುತ್ತೇನೆ.

ಆಪ್ತಸಮಾಲೋಚಕರ ಕೊರತೆ ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ. ಸರದಿಗಾಗಿ ವಾರಗಟ್ಟಲೆ ಕಾಯುವವರಿಗೆಂದು ಪ್ರತಿ ಸಂಜೆಯ ಕೊನೆಯ ಅರ್ಧ ಗಂಟೆಯನ್ನು ಖಾಲಿ ಇಟ್ಟುಕೊಂಡಿದ್ದೇನೆ. ಆ ಹಿರಿಯರು ಕೆಲವು ತಿಂಗಳು ಅದೇ ಹೊತ್ತಿಗೆ ಬಂದು ಕೂರುತ್ತಿದ್ದರು, ಮಾತಾಡುತ್ತಿದ್ದುದು ಕಡಿಮೆ. ಎದೆ ಬಿಗಿತದ ವಿಷಯವನ್ನು ಮತ್ತೆ ಎತ್ತಲಿಲ್ಲ.