ಉಪ್ಪಾಗೆ, ಮುರುಗಲು, ಮಾತ್ರೆ ಡಬ್ಬಿ: ‘ಸಂಶೋಧನೆಯಲ್ಲಿ ಸಾಬೀತಾಗಿದೆ’ ಅಂದರೆ ಏನೇನು ನೋಡಬೇಕು

ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಮಳೆಗಾಲದಲ್ಲಿ ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣು ತಂದು ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸುವವರಿಗೆಲ್ಲ ಗೊತ್ತಿರುವ ಮಾತಿದು: ಈ ಸಿಪ್ಪೆ ಹೊರದೇಶಕ್ಕೆ ಹೋಗುತ್ತದೆ, ಅಲ್ಲಿ ಬೊಜ್ಜು ಕರಗಿಸುವ ಮಾತ್ರೆ ಆಗುತ್ತದೆ. ಹೋಗುವುದು ಹೌದು, ಮಾತ್ರೆ ಆಗುವುದೂ ಹೌದು. ಬೊಜ್ಜು ಕರಗುತ್ತದಾ ಅನ್ನುವುದು ಬೇರೆ ಪ್ರಶ್ನೆ. ಈಗ ಅಂಥ ಮಾತ್ರೆ ಚಂದದ ಡಬ್ಬಿಯಲ್ಲಿ ನಮ್ಮ ಕಡೆಗೇ ವಾಪಸ್ ಬರುತ್ತಿದೆ, ಜೊತೆಗೆ ಮುರುಗಲು (ಕೋಕಂ) ಕ್ಯಾನ್ಸರಿಗೆ ಒಳ್ಳೆಯದು, ಅರಿಶಿನದ ಮಾತ್ರೆ ಮಂಡಿನೋವಿಗೆ ಒಳ್ಳೆಯದು, ಉಪ್ಪಾಗೆ ಕಿಡ್ನಿ ಕಲ್ಲು ಕರಗಿಸುತ್ತದೆ ಅಂತ ಫೋನಿಗೆ ಮೆಸೇಜುಗಳು ಬರುತ್ತವೆ. ಎಲ್ಲದರ ಕೊನೆಗೂ ಒಂದೇ ಸಾಲು, ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’.

ಇಂಥದ್ದನ್ನೆಲ್ಲ ಸುಳ್ಳು ಅಂತ ಸುಮ್ನೆ ತಳ್ಳಿಬಿಡಬೇಡಿ. ಬಹಳ ಸಲ ಹಿಂದೆ ನಿಜವಾದ, ಒಳ್ಳೆಯ ಸಂಶೋಧನೆಯೇ ಇರುತ್ತದೆ. ಅದು ರೋಗಿಯ ತನಕ ಬಂದು ಮುಟ್ಟಿದೆಯಾ, ಅರ್ಧ ದಾರಿಯಲ್ಲಿದೆಯಾ ಅಂತ ನೋಡಲು ನಾವು ಕಲಿಯಬೇಕು. ಬಯೋಕೆಮಿಸ್ಟ್ರಿ ಓದಿರಬೇಕೆಂದೇನೂ ಇಲ್ಲ. ಉಪ್ಪಾಗೆಯನ್ನೇ ಹಿಡಿದುಕೊಂಡು ಹೇಳುತ್ತೇನೆ, ಯಾಕೆಂದರೆ ಇದರ ಕಥೆಯಲ್ಲಿ ಸೋಲೂ ಇದೆ, ದೊಡ್ಡ ಗೆಲುವೂ ಇದೆ.

ಪರೀಕ್ಷೆ ನಡೆದದ್ದು ಯಾರ ಮೇಲೆ?

ಮೊದಲು ಕೇಳಬೇಕಾದದ್ದು ಇದು. ಟೆಸ್ಟ್ ಟ್ಯೂಬಿನಲ್ಲಾ, ತಟ್ಟೆಯಲ್ಲಿ ಬೆಳೆಸಿದ ಜೀವಕೋಶದ ಮೇಲಾ, ಇಲಿಯ ಮೇಲಾ, ಮನುಷ್ಯರ ಮೇಲಾ?

ಉಪ್ಪಾಗೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅಂತ 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಲೂಯಿಸ್ ಮತ್ತು ನೀಲಕಂಠನ್. ಮುಂದೆ ಅಮೆರಿಕದಲ್ಲಿ ಜಾನ್ ಲೋವೆನ್‌ಸ್ಟೈನ್ ಅವರ ತಂಡ ಈ ಆಸಿಡ್ ನಮ್ಮ ದೇಹದ ಒಂದು ಎಂಜೈಮನ್ನು ಜೋರಾಗಿ ತಡೆಯುತ್ತದೆ ಅಂತ ತೋರಿಸಿತು. ಆ ಎಂಜೈಮಿನ ಹೆಸರು ಎಟಿಪಿ ಸಿಟ್ರೇಟ್ ಲಯೇಸ್. ಅನ್ನ, ಸಕ್ಕರೆ ಬೇಕಾದ್ದಕ್ಕಿಂತ ಜಾಸ್ತಿ ತಿಂದಾಗ ಜೀವಕೋಶದಲ್ಲಿ ಸಿಟ್ರೇಟ್ ಉಳಿಯುತ್ತದೆ. ಈ ಎಂಜೈಮ್ ಅದನ್ನು ಕತ್ತರಿಸಿ ಅಸಿಟೈಲ್ ಕೋ-ಎ ಅನ್ನುವ ಕಚ್ಚಾ ವಸ್ತು ಮಾಡಿಕೊಡುತ್ತದೆ. ಕೊಬ್ಬನ್ನೂ ಕೊಲೆಸ್ಟ್ರಾಲನ್ನೂ ದೇಹ ಕಟ್ಟುವುದು ಅದರಿಂದಲೇ. ಹಾಗಾದರೆ ಎಂಜೈಮನ್ನು ತಡೆದರೆ ಕೊಬ್ಬು ಕಡಿಮೆಯಾಗಬೇಕು, ಅಲ್ವಾ? ಇಲಿಗಳಲ್ಲಿ ಹಾಗೇ ಆಯಿತು. ಮಾತ್ರೆಯ ವ್ಯಾಪಾರ ಬೆಳೆದದ್ದು ಇದರ ಮೇಲೆ.

ಮನುಷ್ಯರ ಮೇಲೆ ಸರಿಯಾಗಿ ನೋಡಿದ ಒಂದು ಪರೀಕ್ಷೆ 1998ರಲ್ಲಿ ‘ಜಾಮಾ’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತೂಕ ಜಾಸ್ತಿ ಇದ್ದ 135 ಜನ, 12 ವಾರ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಸಿಡ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಎರಡೂ ಗುಂಪಿಗೆ ಕಡಿಮೆ ಕ್ಯಾಲೊರಿಯ ಊಟ. ಆಸಿಡ್ ತಿಂದವರು ಸರಾಸರಿ 3.2 ಕಿಲೋ ಇಳಿದರು. ಖಾಲಿ ಮಾತ್ರೆ ತಿಂದವರು 4.1 ಕಿಲೋ. ಅಂದರೆ ಆಸಿಡ್‌ನಿಂದ ಏನೂ ಉಪಯೋಗ ಕಾಣಲಿಲ್ಲ.

ಈ ಎರಡು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಖಾಲಿ ಮಾತ್ರೆಯ ಗುಂಪು ಇಲ್ಲದಿದ್ದರೆ ‘12 ವಾರದಲ್ಲಿ 3 ಕಿಲೋ ಇಳಿಯಿತು’ ಅಂತ ಡಬ್ಬಿಯ ಮೇಲೆ ಅಚ್ಚಾಗುತ್ತಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ! ಇಳಿಸಿದ್ದು ಊಟ. ಅದಕ್ಕೇ ‘ಯಾರ ಜೊತೆ ಹೋಲಿಸಿದರು’ ಅನ್ನುವುದನ್ನು ಕೇಳದೆ ಯಾವ ಫಲಿತಾಂಶವನ್ನೂ ಒಪ್ಪಬೇಡಿ. ಪಕ್ಕದ ಮನೆಯವರಿಗೆ ಗುಣವಾಯಿತು ಅನ್ನುವ ಮಾತಿಗೂ ಇದೇ ಪ್ರಶ್ನೆ.

ಇಲಿಯಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗಲಿಲ್ಲ? ಸಕ್ಕರೆ, ಪಿಷ್ಟ ಜಾಸ್ತಿ ಇರುವ ಆಹಾರ ಕೊಟ್ಟ ಇಲಿ ಅದರಿಂದಲೇ ಬಹಳಷ್ಟು ಕೊಬ್ಬು ತಯಾರಿಸುತ್ತದೆ. ಅನ್ನ, ಸಾರು, ಮೀನು, ಎಣ್ಣೆ, ಕಾಯಿ ಎಲ್ಲ ಸೇರಿಸಿ ಊಟ ಮಾಡುವ ಮನುಷ್ಯರ ಮೈಕೊಬ್ಬಿನಲ್ಲಿ ಹೆಚ್ಚಿನ ಪಾಲು ತಿಂದ ಕೊಬ್ಬಿನಿಂದಲೇ ನೇರ ಬಂದದ್ದು. ತಡೆದದ್ದು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿಲ್ಲದ ದಾರಿಯನ್ನು.

ಇದೇ ಪ್ರಶ್ನೆಯನ್ನು ಮುರುಗಲಿನ ಸುದ್ದಿಗೆ ಹಾಕಿ. ಮುರುಗಲ ಸಿಪ್ಪೆಯಲ್ಲಿ ಗಾರ್ಸಿನಾಲ್ ಅನ್ನುವ ವಸ್ತು ಇದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಸೆಂಟರಿನಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಅದು ಜೀನುಗಳ ಕೆಲಸವನ್ನು ಏರಿಳಿಸುವ ಒಂದು ಜಾತಿಯ ಎಂಜೈಮುಗಳನ್ನು ತಡೆಯುತ್ತದೆ, ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ ಅಂತ ತೋರಿಸಿತು. ತುಂಬ ಮುಖ್ಯವಾದ ಕೆಲಸ, ನಮ್ಮ ಕಾಡಿನ ಹಣ್ಣು ಅಂತ ನನಗೆ ಹೆಮ್ಮೆಯೂ ಇದೆ. ಆದರೆ ಅದು ತಟ್ಟೆಯಲ್ಲಿರುವ ಕೋಶ. ಮುರುಗಲ ಪಾನಕ ಕುಡಿದರೆ ಗೆಡ್ಡೆ ಕರಗುತ್ತದೆ ಅಂತ ಆ ಸಂಶೋಧನೆ ಹೇಳುವುದಿಲ್ಲ. ಹಾಗೆ ನಂಬಿ ಕೀಮೋ ಬಿಡುವವರಿಗೆ ಆಗುವ ನಷ್ಟ ವಾಪಸ್ ತರಲು ಆಗುವಂಥದ್ದಲ್ಲ.

ಕಿಡ್ನಿ ಕಲ್ಲಿನ ಸುದ್ದಿಯ ಮೂಲ 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡದ ಕೆಲಸ. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳನ್ನು ಇದೇ ಹೈಡ್ರಾಕ್ಸಿಸಿಟ್ರೇಟ್ ಲ್ಯಾಬಿನಲ್ಲಿ ಕರಗಿಸಿತು. 7 ಜನರಿಗೆ ಕೊಟ್ಟು ನೋಡಿದಾಗ ಅದು ಮೂತ್ರದಲ್ಲಿ ಹೊರಬಂತು. ಭರವಸೆ ಇದೆ. ಕಲ್ಲು ಇರುವವರಲ್ಲಿ ಕಲ್ಲು ಕರಗಿತು ಅನ್ನುವುದು ಇನ್ನೂ ಮುಂದಿನ ಹಂತ.

ಅಳೆದದ್ದು ಏನನ್ನು?

ಮನುಷ್ಯರ ಮೇಲೆ ನಡೆದಿದೆ ಅಂತಾದರೆ ಮುಂದಿನ ಪ್ರಶ್ನೆ. ರಕ್ತದ ರಿಪೋರ್ಟಿನ ಒಂದು ಸಂಖ್ಯೆ ಇಳಿಯಿತಾ, ಕಾಯಿಲೆ ಕಡಿಮೆ ಆಯಿತಾ? ಎರಡೂ ಒಂದೇ ಅಲ್ಲ.

ಉಪ್ಪಾಗೆ ಕಥೆಯ ಗೆಲುವಿನ ಭಾಗ ಇಲ್ಲಿದೆ. ತೂಕದಲ್ಲಿ ಸೋತ ಅದೇ ಎಂಜೈಮ್ ಮೇಲೆ ವಿಜ್ಞಾನಿಗಳು ಬೇರೆ ದಾರಿಯಿಂದ ಬಂದರು. ಕೊಲೆಸ್ಟ್ರಾಲ್ ಇಳಿಸುವ ಬೆಂಪೆಡೋಯಿಕ್ ಆಸಿಡ್ ಅನ್ನುವ ಔಷಧಿ, ಇದು ಉಪ್ಪಾಗೆಯಿಂದ ತೆಗೆದದ್ದಲ್ಲ, ಲ್ಯಾಬಿನಲ್ಲಿ ತಯಾರಿಸಿದ್ದು. ತೋಟಕ್ಕೆ ಬರುವ ಕಾಲುವೆಯನ್ನು ಕೆಳಗೆ ಕಟ್ಟಬಹುದು, ಸ್ವಲ್ಪ ಮೇಲೂ ಕಟ್ಟಬಹುದು. ಕೊಲೆಸ್ಟ್ರಾಲ್ ತಯಾರಾಗುವ ಸಾಲಿನಲ್ಲಿ, ಡಾಕ್ಟರು ಸಾಮಾನ್ಯವಾಗಿ ಕೊಡುವ ಸ್ಟ್ಯಾಟಿನ್ ಮಾತ್ರೆ ಕಟ್ಟುವುದು ಕೆಳಗೆ, ಇದು ಮೇಲೆ. ಜಾಣತನ ಇರುವುದು ಇನ್ನೊಂದು ಕಡೆ: ನುಂಗಿದ ಈ ಔಷಧಿಗೆ ಕೆಲಸ ಮಾಡುವ ರೂಪ ಬರಬೇಕಾದರೆ ಲಿವರಿನಲ್ಲಿರುವ ಒಂದು ಎಂಜೈಮ್ ಬೇಕು, ಅದು ಸ್ನಾಯುವಿನಲ್ಲಿ ಇಲ್ಲ. ಸ್ಟ್ಯಾಟಿನ್ ತಗೊಂಡು ಕೈಕಾಲು ಸ್ನಾಯು ನೋಯುತ್ತದೆ ಅನ್ನುವವರಿಗೆ ಇದು ಒಂದು ದಾರಿ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಕೈಯಲ್ಲಿದ್ದದ್ದು ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ ಅನ್ನುವ ಸಂಖ್ಯೆ. ಹೃದಯಾಘಾತ ಕಡಿಮೆಯಾಗುತ್ತದಾ ಅಂತ ತಿಳಿಯಲು 2023ರ ತನಕ ಕಾಯಬೇಕಾಯಿತು. ಸ್ಟ್ಯಾಟಿನ್ ಆಗದ 13,970 ಜನರನ್ನು ಮೂರು ವರ್ಷಕ್ಕೂ ಜಾಸ್ತಿ ಗಮನಿಸಿದ ‘ಕ್ಲಿಯರ್ ಔಟ್‌ಕಮ್ಸ್’ ಪರೀಕ್ಷೆ ಹೌದು ಅಂದಿತು.

ಎಷ್ಟು ಕಡಿಮೆ? ಸುದ್ದಿಯಲ್ಲಿ ಬಂದದ್ದು ‘ಶೇ 13 ಇಳಿಕೆ’. ಇಂಥ ಶೇಕಡಾ ಕಂಡಾಗ ಒಂದು ಕೆಲಸ ಮಾಡಿ: ಸಾವಿರ ಜನರ ಲೆಕ್ಕಕ್ಕೆ ತನ್ನಿ. ಖಾಲಿ ಮಾತ್ರೆ ಗುಂಪಿನಲ್ಲಿ ಸಾವಿರಕ್ಕೆ 133 ಜನರಿಗೆ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಅಥವಾ ಸ್ಟೆಂಟ್ ಹಾಕಿಸುವಂಥದ್ದು ಆಯಿತು. ಔಷಧಿ ಗುಂಪಿನಲ್ಲಿ 117. ಸಾವಿರ ಜನ ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರೆ ತಿಂದರೆ 16 ಜನ ಪಾರು. ನನ್ನ ಮಟ್ಟಿಗೆ ಇದು ಸಣ್ಣದಲ್ಲ, ಆ 16 ಮನೆಗಳಿಗೆ ಅದೇ ಎಲ್ಲ. ಆದರೆ ‘ಶೇ 13’ ಅಂತ ಕೇಳಿದಾಗ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಅದರ ಜೊತೆ ಗೌಟ್ (ಯೂರಿಕ್ ಆಸಿಡ್ ಏರಿ ಬರುವ ಕೀಲು ನೋವು) ಮತ್ತು ಪಿತ್ತಕೋಶದ ಕಲ್ಲು ಔಷಧಿ ಗುಂಪಿನಲ್ಲಿ ಸ್ವಲ್ಪ ಜಾಸ್ತಿ ಕಂಡವು, ಹಾಗಾಗಿ ಯೂರಿಕ್ ಆಸಿಡ್ ಮೊದಲೇ ಏರಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಪರೀಕ್ಷೆಗೆ ದುಡ್ಡು ಹಾಕಿದ್ದು ಔಷಧಿ ಮಾಡುವ ಕಂಪನಿಯೇ. ಅಷ್ಟಕ್ಕೇ ಅದು ಸುಳ್ಳಾಗುವುದಿಲ್ಲ, ಆದರೆ ಓದುವಾಗ ಗೊತ್ತಿರಲಿ.

ಅಡುಗೆಯ ಹುಳಿ ಬೇರೆ, ಡಬ್ಬಿಯ ಸಾರ ಬೇರೆ

ಇದನ್ನು ಜನ ಗಮನಿಸುವುದೇ ಇಲ್ಲ, ನನಗೆ ಹೆಚ್ಚು ಚಿಂತೆ ಇರುವುದೂ ಇಲ್ಲೇ. ಮೀನು ಸಾರಿಗೆ ಎರಡು ಸಿಪ್ಪೆ, ಬೇಸಿಗೆಯಲ್ಲಿ ಒಂದು ಲೋಟ ಮುರುಗಲ ಪಾನಕ, ಊಟದ ಕೊನೆಗೆ ಸೋಲಕಡಿ, ಇವು ಊಟ. ಸಿಪ್ಪೆಯ ಆಸಿಡನ್ನು ಹಿಂಡಿ, ಒತ್ತಾಗಿಸಿ, ದಿನಾ ಮೂರು ಹೊತ್ತು ತಿಂಗಳುಗಟ್ಟಲೆ ನುಂಗುವುದು ಬೇರೆಯೇ ವಿಷಯ. ‘ಅಜ್ಜಿಯ ಕಾಲದಿಂದ ತಿನ್ನುತ್ತಿದ್ದೇವೆ’ ಅನ್ನುವ ಮಾತು ಊಟಕ್ಕೆ ಸರಿ, ಮಾತ್ರೆಗೆ ಸಾಕ್ಷಿಯಲ್ಲ.

ಅಮೆರಿಕದಲ್ಲಿ ಔಷಧಿಯಿಂದ ಲಿವರ್ ಕೆಟ್ಟವರನ್ನು ದಾಖಲಿಸುವ ಡಿಲಿನ್ ಎಂಬ ಜಾಲ ಇದೆ. 2004ರಿಂದ 2018ರ ನಡುವಿನ ಅವರ ದಾಖಲೆಯಲ್ಲಿ ಉಪ್ಪಾಗೆ ಸಾರ ಇದ್ದ ಮಾತ್ರೆಗಳಿಂದ ಲಿವರಿಗೆ ಪೆಟ್ಟಾದ 22 ಜನ ಸಿಕ್ಕರು, ಬಹಳಷ್ಟು ಮಾತ್ರೆಗಳಲ್ಲಿ ಗ್ರೀನ್ ಟೀ ಸಾರವೂ ಸೇರಿತ್ತು. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎಚ್‌ಎಲ್‌ಎ-ಬಿ 35:01 ಅನ್ನುವ ಒಂದು ಜೀನ್ ರೂಪ ಇತ್ತು, ಸಾಮಾನ್ಯ ಜನರಲ್ಲಿ ಅದು ಇಷ್ಟು ಇರುವುದಿಲ್ಲ. ಅರಿಶಿನದ ಮಾತ್ರೆಯಿಂದ ಲಿವರ್ ಕೆಟ್ಟ 10 ಜನರನ್ನು ನೋಡಿದಾಗ 7 ಜನರಲ್ಲಿ ಅದೇ ರೂಪ. ಪರೀಕ್ಷಿಸಿದ ಅರಿಶಿನದ ಡಬ್ಬಿಗಳಲ್ಲಿ ಕೆಲವಕ್ಕೆ ಕಾಳುಮೆಣಸಿನ ಸಾರ ಸೇರಿಸಿದ್ದರು, ಯಾಕೆಂದರೆ ಅದು ಅರಿಶಿನದ ಸತ್ವ ರಕ್ತಕ್ಕೆ ಜಾಸ್ತಿ ಸೇರುವ ಹಾಗೆ ಮಾಡುತ್ತದೆ. ಇದು ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೆ ತನಗೆ ಆಗುತ್ತದಾ ಅಂತ ತಿನ್ನುವವರಿಗೆ ಮೊದಲೇ ತಿಳಿಯುವುದಿಲ್ಲ.

ಹಾಗಾಗಿ ಇಂಥ ಮಾತ್ರೆ ತಿನ್ನುವಾಗ ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ತುರಿಕೆ, ವಾಕರಿಕೆ, ಹಸಿವೆ ಇಲ್ಲದಿರುವುದು ಕಂಡರೆ ಅವತ್ತೇ ಮಾತ್ರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ನಮ್ಮ ಕಡೆ ಕಾಮಾಲೆ ಅಂದ ತಕ್ಷಣ ನಾಟಿ ಔಷಧಿಗೆ ಹೋಗುವ ರೂಢಿ ಇದೆ. ದಯವಿಟ್ಟು ಮೊದಲು ರಕ್ತ ಕೊಡಿ. ಡಬ್ಬಿಯನ್ನೂ ಮುಂದುವರಿಸಿಕೊಂಡು ಮೇಲೆ ಇನ್ನೊಂದು ಕಷಾಯ ಕುಡಿದರೆ ಪೆಟ್ಟು ತಿಂದ ಲಿವರಿಗೆ ಎರಡೆರಡು ಹೊರೆ.

ಫೋನಿನಲ್ಲೇ ಹುಡುಕುವುದು ಹೇಗೆ

ಪಬ್‌ಮೆಡ್ ಅಂತ ವೈದ್ಯಕೀಯ ಸಂಶೋಧನಾ ಲೇಖನಗಳ ಉಚಿತ ತಾಣ ಇದೆ. ಇಂಗ್ಲಿಷಿನಲ್ಲಿ ಹುಡುಕಬೇಕು, ಉಪ್ಪಾಗೆಗೆ ಗಾರ್ಸೀನಿಯಾ ಗಮ್ಮಿ-ಗುಟ್ಟಾ ಅಥವಾ ಹಳೆಯ ಹೆಸರು ಗಾರ್ಸೀನಿಯಾ ಕಂಬೋಜಿಯಾ, ಮುರುಗಲಿಗೆ ಗಾರ್ಸೀನಿಯಾ ಇಂಡಿಕಾ. ನೂರಾರು ಲೇಖನ ಬರುತ್ತವೆ, ಗಾಬರಿ ಬೇಡ. ಫಿಲ್ಟರಿನಲ್ಲಿ ‘ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’ (ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿ ಹೋಲಿಸಿದ ಪರೀಕ್ಷೆ) ಒತ್ತಿದರೆ ಪಟ್ಟಿ ಬಹಳ ಸಣ್ಣದಾಗುತ್ತದೆ, ಹೆಚ್ಚಾಗಿ ಉಳಿಯುವುದು ಮನುಷ್ಯರ ಮೇಲೆ ನಡೆದವು. ‘ಮೆಟಾ ಅನಾಲಿಸಿಸ್’ ಒತ್ತಿದರೆ ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ ಲೇಖನ ಸಿಗುತ್ತದೆ. ಸಾರಾಂಶ ಉಚಿತ, ಅದನ್ನು ಕಾಪಿ ಮಾಡಿ ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿದರೆ ಎಷ್ಟು ಜನ, ಎಷ್ಟು ದಿನ, ಯಾರ ಜೊತೆ ಹೋಲಿಕೆ ಅನ್ನುವಷ್ಟು ಕನ್ನಡದಲ್ಲೇ ತಿಳಿಯುತ್ತದೆ. ಲೇಖನವನ್ನು ವಾಪಸ್ ಪಡೆದಿದ್ದರೆ ಮೇಲೇ ‘ರಿಟ್ರ್ಯಾಕ್ಟೆಡ್’ ಅಂತ ಬರೆದಿರುತ್ತದೆ.

ಯಾವುದೇ ಮೂಲಿಕೆ ಅಥವಾ ಔಷಧಿ ಲಿವರಿಗೆ ಹೇಗೆ ಅಂತ ನೋಡಲು ಲಿವರ್‌ಟಾಕ್ಸ್ ಅನ್ನುವ ಇನ್ನೊಂದು ಉಚಿತ ತಾಣ ಇದೆ. ನಮ್ಮ ದೇಶದ ಔಷಧಿ ಪರೀಕ್ಷೆಗಳಿಗೆ ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿ ತಾಣ ಇದೆ. 2009ರ ಜೂನ್ 15ರಿಂದ ಅಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ‘ಭಾರತದಲ್ಲಿ ಟ್ರಯಲ್ ಆಗಿದೆ’ ಅಂತ ಯಾರಾದರೂ ಹೇಳಿದರೆ ಅಲ್ಲಿ ಹುಡುಕಿ, ಏನನ್ನು ಅಳೆಯುತ್ತೇವೆ ಅಂತ ಮೊದಲು ಬರೆದುಕೊಟ್ಟಿದ್ದರು ಅಂತಲೂ ನೋಡಿ.

ಇನ್ನು ಡಬ್ಬಿಯ ಹಿಂದೆ. ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರ ಪದಾರ್ಥದ ಲೈಸೆನ್ಸ್, ರೋಗ ಗುಣವಾಗುತ್ತದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ. ಇಂಥ ಸಪ್ಲಿಮೆಂಟುಗಳ ಮೇಲೆ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಅಂತ ಬರೆಯಲೇಬೇಕು ಅನ್ನುವ ನಿಯಮವೇ ಇದೆ. ಮನೆಯಲ್ಲಿ ಅಮ್ಮನೋ ಚಿಕ್ಕಮ್ಮನೋ ತಿನ್ನುತ್ತಿದ್ದರೆ ವಾದ ಮಾಡಲು ಹೋಗಬೇಡಿ, ‘ಚಿಕ್ಕಮ್ಮಾ, ಡಬ್ಬಿ ಒಂಚೂರು ಕೊಡಿ, ಹಿಂದೆ ಏನು ಬರೆದಿದೆ ನೋಡೋಣ’ ಅಂತ ಕೇಳಿ ಆ ಸಾಲನ್ನು ಒಟ್ಟಿಗೆ ಓದಿ.

ಡಾಕ್ಟರ್ ಹತ್ತಿರ ಹೋಗುವಾಗ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಹೆಸರು ನೆನಪಿದ್ದರೆ ಸಾಲದು. ಶುಗರ್, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ ಏನೇ ತಿನ್ನುತ್ತಿದ್ದರೂ ಇದನ್ನೂ ತಿನ್ನುತ್ತಿದ್ದೇನೆ ಅಂತ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡುವವರು ಬಹಳ ಜನ, ಕಾರಣ ಗೊತ್ತಾಗದೆ ಟೆಸ್ಟಿನ ಮೇಲೆ ಟೆಸ್ಟ್ ಆಗುವುದು ಹಾಗೇ. ಮಾತ್ರೆಯಿಂದ ತೊಂದರೆ ಆಗಿದೆ ಅನ್ನಿಸಿದರೆ ಸರ್ಕಾರದ ಫಾರ್ಮಕೋವಿಜಿಲೆನ್ಸ್ (ಔಷಧಿಯ ಅಡ್ಡ ಪರಿಣಾಮ ದಾಖಲಿಸುವ) ಸಹಾಯವಾಣಿ 1800-180-3024ಕ್ಕೆ ನೀವೇ ತಿಳಿಸಬಹುದು. ಕರೆ ಉಚಿತ, ಮೂಲಿಕೆ ಮಾತ್ರೆಗಳ ದೂರನ್ನೂ ತಗೊಳ್ಳುತ್ತಾರೆ, ರೋಗಿಗಳು ತುಂಬುವ ಫಾರಂ ಕನ್ನಡದಲ್ಲೂ ಇದೆ. ಖಾಲಿಯಾದ ಡಬ್ಬಿಯನ್ನು ಎಸೆಯಬೇಡಿ, ಬ್ಯಾಚ್ ನಂಬರ್ ಇರುವುದು ಅದರ ಮೇಲೆ.